ಪಹಣಿಯ ಅಂಚಿನಲ್ಲಿ

ಕೆಂಗೇರಿಯಿಂದಾಚೆ, ಮೈಸೂರು ರಸ್ತೆಗೆ ತುಸು ಒಳಗಿರುವ ಒಂದು ಮನೆಯ ಜಗುಲಿಯಲ್ಲಿ ಕೂತಿದ್ದೆ. ಬಡಾವಣೆಗಳ ಹೊಟ್ಟೆ ಸೇರಿದ ಪಶ್ಚಿಮ ಬೆಂಗಳೂರಿನ ಹಳ್ಳಿಗಳ ಬಗ್ಗೆ ನನ್ನ ಪಿಎಚ್‌.ಡಿ. ಆ ಮನೆಯ ತಾತ ಪ್ಲಾಸ್ಟಿಕ್ ಕವರೊಂದನ್ನು ಬಿಚ್ಚಿ ಎರಡು ಕಾಗದ ಹಾಸಿದರು. ಒಂದು 1970ರ ದಶಕದ ಕೈಬರಹದ ಪಹಣಿ ನಕಲು, ಇನ್ನೊಂದು ಕಂಪ್ಯೂಟರಿನಲ್ಲಿ ಮುದ್ರಿಸಿದ ಪಹಣಿ. ಮೂರನೆಯದು ಕಾಗದವಲ್ಲ, ಮೊಮ್ಮಗನ ಫೋನಿನ ಪರದೆಯಲ್ಲಿತ್ತು. ಮೂರೂ ಒಂದೇ ಸರ್ವೆ ನಂಬರಿನವು.

ಕೈಬರಹದ ನಕಲಿನ ಎಡ ಅಂಚಿನಲ್ಲಿ, ಕಾಲಂಗಳ ಗೆರೆಯಿಂದ ಹೊರಗೆ, ಬೇರೆ ಶಾಯಿಯಲ್ಲಿ ಒಂದು ಹೆಣ್ಣಿನ ಹೆಸರಿತ್ತು. ಕೆಳಗೆ 'ವಾರಕ್ಕೆ' ಎಂದು ಬರೆದಿತ್ತು. ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಉಳುತ್ತಿದ್ದಾಳೆ ಎಂದರ್ಥ. ಅವರು ತಾತನ ಅಜ್ಜಿ. ಮುಂದೆ ತಾತನ ತಂದೆ ಅದೇ ಹೊಲವನ್ನು ಕ್ರಯಕ್ಕೆ ಪಡೆದರು, ಹಾಗಾಗಿ ಕಂಪ್ಯೂಟರಿನ ಪಹಣಿಯಲ್ಲಿ ಹಕ್ಕಿನ ವಿಷಯಕ್ಕೆ ಯಾವ ತಕರಾರೂ ಇಲ್ಲ. ಆದರೂ ತಾತ ಫೋನಿನತ್ತ ಬೆರಳು ಮಾಡಿ ಕೇಳಿದರು: "ಏನಮ್ಮ, ಇದ್ರಲ್ಲಿ ನಮ್ಮಜ್ಜಿ ಹೆಸ್ರು ಎಲ್ಲೂ ಬರಲ್ವಾ?"

ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳಲು ಹೋದರೆ ಅದೊಂದು ಉದ್ದದ ಕಥೆ.

ಪಹಣಿ ನೋಡದ ನಗರದ ಓದುಗರಿಗೆ ಒಂದು ಮಾತು. ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳ ಈ ಪತ್ರವನ್ನು ಕಚೇರಿಗಳಲ್ಲಿ ಆರ್‌ಟಿಸಿ ಎನ್ನುತ್ತಾರೆ, ನಮೂನೆ 16 ಎಂದೂ ಹೇಳುವುದುಂಟು. ಒಂಬತ್ತನೆಯ ಕಾಲಂನಲ್ಲಿ ಒಡೆಯರ ಹೆಸರು, ಹನ್ನೊಂದರಲ್ಲಿ ಋಣಭಾರ, ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಇದರಲ್ಲಿ ಬರೆದದ್ದೆಲ್ಲ ನಿಜವೆಂದೇ ಭಾವಿಸಬೇಕು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಹನ್ನೆರಡನೆಯ ಕಾಲಂನ ಬೆಲೆ ಏನೆಂಬುದು ಊರೂರಿಗೆ ತಿಳಿಯಿತು. ಹೆಸರಿದ್ದವರ ಕೈಯಲ್ಲಿ ದಾಖಲೆಯಿತ್ತು. ಇಲ್ಲದವರು ಸಾಕ್ಷಿ ಹುಡುಕಿಕೊಂಡು ಅಲೆದರು.

ಹಾಗೆಂದು ಹಳೆಯ ಕೈಬರಹದ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಅದಕ್ಕೂ ಹಿಂದೆ ಶಾನುಭೋಗರು ಲೆಕ್ಕ ಇಡುತ್ತಿದ್ದುದು ಕಡತದಲ್ಲಿ. ಇದ್ದಿಲು ಸೇರಿಸಿದ ಅಂಟು ಬಳಿದು ಕಪ್ಪಾಗಿಸಿದ ಮಡಿಕೆ ಬಟ್ಟೆ ಅದು, ಅದರ ಮೇಲೆ ಬಳಪದ ಬರಹ. ಒರೆಸಿ ಮತ್ತೆ ಬರೆಯಬಹುದಿತ್ತು ಎಂಬುದು ಅದರ ಅನುಕೂಲ, ಅದೇ ಅದರ ಅಪಾಯ ಕೂಡ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು 1961ರ ಕಾಯ್ದೆಯಿಂದ ಹೋದವು, ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬನ ಬಗಲಲ್ಲೇ ಉಳಿಯಿತು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿ ಬೇಕಾದವರು ಅವರನ್ನು ಹುಡುಕಬೇಕು, ಕಾಯಬೇಕು, ಕೈ ಬಿಸಿ ಮಾಡಬೇಕು.

ಇದನ್ನು ಮುರಿದದ್ದು 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶ. ಮದ್ದೂರು ತಾಲ್ಲೂಕಿನಲ್ಲಿ ಮೊದಲ ಪ್ರಯೋಗ ನಡೆದು, ಕೆಲವೇ ವರ್ಷಗಳಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಗೆ ಹೋಗಬೇಕಿತ್ತು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದ್ದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಪುಸ್ತಕ ಯಾರ ಬಗಲಲ್ಲಿದ್ದರೂ ಅದಕ್ಕೆ ಬೆಲೆ ಉಳಿಯಲಿಲ್ಲ.

ಈಗ ಕಂಪ್ಯೂಟರಿನ ಭಾಷೆಯ ಒಂದು ಪದ ಬೇಕು: ರಿಪೋರ್ಟು. ದತ್ತಾಂಶ ಒಳಗೆ ಬೇರೆ ಬೇರೆ ಪಟ್ಟಿಗಳಲ್ಲಿ ಹರಡಿರುತ್ತದೆ. ಅದನ್ನು ಒಂದು ನಮೂನೆಗೆ ಜೋಡಿಸಿ ಹೊರಗೆ ಕೊಡುವುದೇ ರಿಪೋರ್ಟು. ಆ ಕಾಲದ ಕಚೇರಿ ತಂತ್ರಾಂಶಗಳಲ್ಲಿ ರಿಪೋರ್ಟು ಹುಟ್ಟುತ್ತಿದ್ದುದೇ ಪ್ರಿಂಟರಿಗಾಗಿ. ಅಂಚು ಇಷ್ಟು, ಗೆರೆ ಇಲ್ಲಿ, ಸಹಿಗೆ ಜಾಗ ಅಲ್ಲಿ ಎಂದು ಲೆಕ್ಕ ಹಾಕಿ ಕೂರಿಸಿರುತ್ತಿದ್ದರು. ಕಂಪ್ಯೂಟರಿನ ಪಹಣಿಯೂ ನಮೂನೆ 16ರ ರಿಪೋರ್ಟೇ. ತಾಲ್ಲೂಕಿನ ಸರ್ವರಿನಲ್ಲಿದ್ದದ್ದು ಆಮೇಲೆ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಹೋಯಿತು, ಅಲ್ಲಿಂದ ಅಂತರ್ಜಾಲಕ್ಕೆ ಬಂತು. ಇಷ್ಟಾದರೂ ಪರದೆಗೆ ಬಂದದ್ದು ಪ್ರಿಂಟರಿನಿಂದ ಬರುತ್ತಿದ್ದ ಅದೇ ಹಾಳೆ.

ನೀವೇ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದೊಂದೇ ಪೆಟ್ಟಿಗೆ ತುಂಬಬೇಕು. (ನಡುವೆ 'ಸರ್‌ನಾಕ್' ಎಂಬ ಪೆಟ್ಟಿಗೆಯೊಂದಿದೆ. ಬಹುಪಾಲು ಅದರಲ್ಲಿ ಬರೀ ನಕ್ಷತ್ರ ಚಿಹ್ನೆ. ನಾನು ಕೇಳಿದ ಯಾರೂ ಅದರ ಅರ್ಥ ಹೇಳಲಿಲ್ಲ, ಎಲ್ಲರೂ ಒತ್ತಿ ಮುಂದೆ ಹೋಗುತ್ತಾರೆ.) ಕೊನೆಗೆ ಒಂದು ಹಾಳೆ ತೆರೆಯುತ್ತದೆ. ಹೊಲದ ನಂಬರು ಗೊತ್ತಿದ್ದ ರೈತನಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ತಾಲ್ಲೂಕು ಕಚೇರಿಗೆ ಬಸ್ ಹಿಡಿದು ಹೋಗಿ ಬಂದವರೇ ಬಲ್ಲರು. ಆದರೆ ನನ್ನಂಥವಳ ಪ್ರಶ್ನೆಗಳು ಬೇರೆ. ಈ ಹೋಬಳಿಯಲ್ಲಿ ಎಷ್ಟು ಹೆಂಗಸರ ಹೆಸರಿನಲ್ಲಿ ಹೊಲವಿದೆ? ರಾಗಿಯಿಂದ ನೀಲಗಿರಿಗೆ ಯಾವ ವರ್ಷ ಎಷ್ಟು ಎಕರೆ ಹೋಯಿತು? ಒಳಗಿನ ಪಟ್ಟಿಗಳಿಗೆ ಇವು ಕಷ್ಟದ ಪ್ರಶ್ನೆಗಳಲ್ಲ. ಒಂದು ಸಲಕ್ಕೆ ಒಂದು ಹೊಲ ತೋರಿಸುವ ಹಾಳೆಗೆ ಮಾತ್ರ ಉತ್ತರಿಸಲು ಆಗುವುದಿಲ್ಲ.

ಕನ್ನಡದ ಮಟ್ಟಿಗೆ ಈ ಹಾಳೆಯ ಮೋಹಕ್ಕೆ ಇನ್ನೊಂದು ಮುಖವಿದೆ. ಹಳ್ಳಿಗಳ ಹೆಸರಿನ ಹಳೆಯ ಪಟ್ಟಿಯೊಂದು ನನಗೆ ಹಿರಿಯರೊಬ್ಬರಿಂದ ಸಿಕ್ಕಿತು, ಯಾವುದೋ ಕಾಲದ ಡೆಸ್ಕ್‌ಟಾಪ್ ಡೇಟಾಬೇಸಿನಿಂದ ತೆಗೆದದ್ದು. ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷಿನ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. 'ಕನ್ನಡ' ಎಂಬ ಪದದ ಫಾಂಟು ಕಳಚಿದರೆ ಸಿಗುವುದು ಇಂಗ್ಲಿಷಿನ ದೊಡ್ಡ 'ಪಿ', ನೆತ್ತಿಯಲ್ಲಿ ಗೀಟಿರುವ 'ಎ', ಬ್ರಿಟನ್ನಿನ ಪೌಂಡ್ ಗುರುತು, ಮತ್ತದೇ 'ಎ', ಜರ್ಮನ್ನರ ಎಸ್ಜೆಟ್ ಅಕ್ಷರ, ಚಿಕ್ಕ 'ಕ್ಯೂ', ಕೊನೆಗೆ ಮತ್ತೊಮ್ಮೆ 'ಎ'. ಆ 'ಎ' ಅನ್ನುವುದು ನಮ್ಮ ತಲೆಕಟ್ಟು! ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ, ಯಂತ್ರದ ಒಳಗೆ ಆಕಾರಗಳ ತುಂಡು. ಅರ್ಕಾವೊತ್ತಿನ ಪಾಡು ಇನ್ನೂ ಮಜವಾದದ್ದು. 'ಕರ್ನಾಟಕ'ದಲ್ಲಿ ನಾವು ಮೊದಲು ರಕಾರ ಉಚ್ಚರಿಸುತ್ತೇವೆ, ಯೂನಿಕೋಡ್ ಕೂಡ ಅದೇ ಕ್ರಮದಲ್ಲಿ ಇಡುತ್ತದೆ. ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ 'ನಾ' ಆದ ಮೇಲೆ ಇಡುತ್ತದೆ. ಅಕಾರಾದಿ ಮಾಡಲು ಹೋದರೆ ಎಲ್ಲ ತಲೆಕೆಳಗು. ಇಂಥ ಪಟ್ಟಿಗಳನ್ನು "ಮೊದಲು ಫಾಂಟ್ ಇಳಿಸಿಕೊಳ್ಳಿ" ಎಂಬ ಸೂಚನೆಯ ಸಮೇತ ಅಂತರ್ಜಾಲಕ್ಕೆ ಹಾಕುತ್ತಿದ್ದ ಕಾಲವೊಂದಿತ್ತು. ಓದಲು ಬರುತ್ತಿತ್ತು, ಕನ್ನಡದಲ್ಲಿ ಬರೆದು ಹುಡುಕಿದರೆ ಸಿಗುತ್ತಿರಲಿಲ್ಲ. ನನ್ನ ಪಟ್ಟಿಯನ್ನು ಯೂನಿಕೋಡಿಗೆ ತಂದು, ಪರಿವರ್ತಕ ಎಡವಿದ ಹೆಸರುಗಳನ್ನು ಕೈಯಾರೆ ತಿದ್ದಿ ಮುಗಿಸುವಷ್ಟರಲ್ಲಿ ಒಂದು ಬೇಸಿಗೆ ಕಳೆಯಿತು.

ಆ ಪಟ್ಟಿಯಲ್ಲಿ ಅತ್ತಿಗುಪ್ಪೆ, ಹೊಸಹಳ್ಳಿ, ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿ ಎಲ್ಲ ಇವೆ. ನಾನು ಬಾಡಿಗೆಗಿರುವ ವಿಜಯನಗರ, ಪಕ್ಕದ ಬಸವೇಶ್ವರನಗರ, ರಾಜಾಜಿನಗರಗಳು ಇಂಥ ಊರುಗಳ ಹೊಲದ ಮೇಲೆ ಎದ್ದವು. ನಗರಾಭಿವೃದ್ಧಿಗೆ ಸ್ವಾಧೀನವಾದಾಗ ಪಹಣಿ ನಿಲ್ಲುತ್ತದೆ, ನಿವೇಶನದ ಖಾತೆ ಶುರುವಾಗುತ್ತದೆ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಏಳು ನಗರಸಭೆಗಳ ಜೊತೆಗಿದ್ದ ಒಂದೇ ಒಂದು ಪುರಸಭೆ ಕೆಂಗೇರಿಯದು. ಅಲ್ಲಿ ಈ ದಾಟುವಿಕೆ ಇನ್ನೂ ಮುಗಿದಿಲ್ಲ. ಒಂದು ಬೀದಿಯಲ್ಲಿ ಖಾತೆ, ಹಿಂದಿನ ಬೀದಿಯಲ್ಲಿ ಪಹಣಿ.

ಅದೇ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 'ಭೂಮಿ'ಯನ್ನು ಕಟುವಾಗಿ ವಿಮರ್ಶಿಸುವ ಪ್ರಬಂಧ ಬರೆದರು. ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ದಾರಿ ಸಲೀಸಾಯಿತು, ಊರಿನ ಒಳಗೆ ಒಪ್ಪಿತವಾಗಿದ್ದ ಸಣ್ಣವರ ಹಕ್ಕುಗಳು ಸೊರಗಿದವು ಎಂಬುದು ಅವರ ವಾದ. ಲಂಚದ ವಿಷಯದಲ್ಲಿ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಹಳೆಯ ಪುಸ್ತಕದ ಕಾಲದ ಕಾಯುವಿಕೆಯ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ. ಎರಡನೆಯ ಮಾತನ್ನು ಮಾತ್ರ ಈ ತಾತನ ಜಗುಲಿಯಲ್ಲಿ ಕೂತು ತಳ್ಳಿಹಾಕುವುದು ಕಷ್ಟ. ಗಣಕೀಕರಣಕ್ಕೆ ಏರಿದ್ದು ಆಗ ಚಾಲ್ತಿಯಲ್ಲಿದ್ದ ಪಹಣಿಯ ಕಾಲಂಗಳು. ಅಂಚು ಕಾಲಂ ಅಲ್ಲ. ವಾರಕ್ಕೆ ಉಳುವವಳ ಹೆಸರನ್ನು ಯಾರೋ ಗ್ರಾಮಲೆಕ್ಕಿಗ, ನಿಯಮಕ್ಕಾಗಿಯೋ ದಾಕ್ಷಿಣ್ಯಕ್ಕಾಗಿಯೋ, ಗೆರೆಯಾಚೆ ಗೀಚಿದ್ದ. ತಂತ್ರಾಂಶದಲ್ಲಿ ಗೆರೆಯಾಚೆ ಎಂಬ ಜಾಗವೇ ಇಲ್ಲ. ಜಾಲತಾಣದಲ್ಲಿ ಹಿಂದಿನ ವರ್ಷಗಳನ್ನು ಆಯ್ದು ನೋಡಬಹುದು, ಆದರೆ ಆ ಪಹಣಿಗಳು ಗಣಕೀಕರಣದ ಹೊಸ್ತಿಲವರೆಗೆ ಬಂದು ನಿಲ್ಲುತ್ತವೆ. ಅದರ ಹಿಂದಿನದ್ದಕ್ಕೆ ಅಭಿಲೇಖಾಲಯದ ಹಳೆಯ ದಾಖಲೆಗಳೇ ಗತಿ.

ತಾತನಿಗೆ ಇಷ್ಟನ್ನೂ ಹೇಳಲಿಲ್ಲ. "ಇದ್ರಲ್ಲಿ ಅಷ್ಟು ಹಳೇದು ಬರಲ್ಲ ತಾತ" ಎಂದೆ. ಅವರು ಆಶ್ಚರ್ಯಪಡಲಿಲ್ಲ. ಕೈಬರಹದ ನಕಲಿನ ಮಡಿಕೆ ಹರಿಯುತ್ತಿದೆ, ಒಂದು ಫೋಟೋ ಹೊಡೆದು ಮೊಮ್ಮಗನಿಗೆ ಕಳಿಸು ಎಂದರು. ಜಗುಲಿಯ ಬೆಳಕಿಗೆ ಹಿಡಿದು ಹೊಡೆದೆ. ಫೋನು ತಾನಾಗಿಯೇ ಕಾಗದವನ್ನು ಗುರುತಿಸಿ, ಗೆರೆಯ ಚೌಕಟ್ಟಿಗೆ ಸರಿಯಾಗಿ ಕತ್ತರಿಸಿ ಕೊಟ್ಟಿತು. ಎಡ ಅಂಚು ಹೋಗಿತ್ತು. ಆ ಸೌಲಭ್ಯ ಆರಿಸಿ ಇನ್ನೊಮ್ಮೆ ಹೊಡೆದೆ.