ಅಂದು ಜೈಲು, ಇಂದು ಧರಣಿ ಜಾಗ: ಫ್ರೀಡಂ ಪಾರ್ಕ್ ಕಥೆ

ಕೊಬ್ಬರಿಗೆ ಬೆಲೆ ಕೇಳೋಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಬೆಂಗಳೂರಿಗೆ ಹೋದರೆ ಧರಣಿ ಕೂರಬೇಕಾದ್ದು ಫ್ರೀಡಂ ಪಾರ್ಕ್‌ನಲ್ಲಿ. 2000ದವರೆಗೂ ಅದು ಸೆಂಟ್ರಲ್ ಜೈಲು.

ಶೇಷಾದ್ರಿ ರಸ್ತೆಯ ಈ ಜೈಲು ಶುರುವಾಗಿದ್ದು 1860ರ ದಶಕದಲ್ಲಿ, ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ. ನಡುವೆ ಕಾವಲು ಗೋಪುರ, ಸುತ್ತ ಬ್ಯಾರಕ್‌ಗಳು. ಮೇಲೆ ನಿಂತ ಒಬ್ಬ ಕಾವಲುಗಾರನ ಕಣ್ಣು ಎಲ್ಲಾ ಕಡೆ ಹಾಯಬೇಕು ಅನ್ನೋ ಲೆಕ್ಕ.

1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದರು. ಈ ಹೆಸರುಗಳನ್ನು ಎಲ್ಲರೂ ಹೇಳ್ತಾರೆ. ಮರೆತಿರೋದು ‘ಸಂಸ್ಕಾರ’ ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ ಅವರನ್ನು. ಆಸ್ತಮಾ ಇದ್ದ ಅವರನ್ನು ತಿಂಗಳುಗಟ್ಟಲೆ ಇಲ್ಲಿ ಕೂಡಿಹಾಕಲಾಗಿತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು.

ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಜಾಗ ಖಾಲಿ ಬಿತ್ತು. 2008ರ ನವೆಂಬರ್‌ನಲ್ಲಿ ಪಾರ್ಕ್ ಆಗಿ ತೆರೆಯಿತು. ಪುಣ್ಯಕ್ಕೆ ಎಲ್ಲಾ ಕೆಡವಲಿಲ್ಲ. ಗೋಪುರ, ಒಂದಷ್ಟು ಬ್ಯಾರಕ್ಕು, ಗೋಡೆ ಉಳಿದಿವೆ. ಒಂದು ಭಾಗ ಧರಣಿಗೆ ಬಿಟ್ಟಿದ್ದಾರೆ.

2021ರ ಆದೇಶದ ಪ್ರಕಾರ ಬೆಂಗಳೂರು ನಗರದಲ್ಲಿ ಪ್ರತಿಭಟನೆಗೆ ಇದೊಂದೇ ಜಾಗ. ವಿಧಾನಸೌಧದ ಮುಂದೆ ಕೂರೋ ಹಾಗಿಲ್ಲ, ಇಲ್ಲಿ ಕೂರೋಕೂ ಪೊಲೀಸರ ಅನುಮತಿ ಮೊದಲೇ ಪಡೆದಿರಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ಸೋ ರೈಲೋ ಇಳಿದರೆ ನಡೆದೇ ಹೋಗಬಹುದು.