ಶೆಟ್ಟಿಹಳ್ಳಿಯ ಇಗರ್ಜಿಯೂ ಹೇಮಾವತಿಯ ಜಲವೂ

ಹಾಸನ ಪ್ರಾಂತದ ಕ್ರೈಸ್ತರಲ್ಲಿ ಎರಡು ಪಂಥಗಳುಂಟೆಂಬುದನ್ನು ವಾಚಕರು ಮೊದಲೇ ತಿಳಿದಿರಬೇಕು. ಪಟ್ಟಣದಲ್ಲಿ ರೆಡ್‌ಫರ್ನ್ ಆಸ್ಪತ್ರೆಯನ್ನು ಸ್ಥಾಪಿಸಿದವರು ವೆಸ್ಲಿಯನ್ ಪ್ರಾಟೆಸ್ಟಂಟ್ ಮಿಷನ್ನಿನವರು; ಗೊರೂರಿಗೆ ಸಮೀಪದ ಶೆಟ್ಟಿಹಳ್ಳಿಯ ರೋಸರಿ ಇಗರ್ಜಿಯನ್ನು ಕಟ್ಟಿಸಿದವರಾದರೋ ಫ್ರಾನ್ಸ್ ದೇಶದ ಕಥೋಲಿಕ ಪಾದ್ರಿಗಳು. ಇಂದು ಪೂಜೆಯಿಲ್ಲದೆ ಪಾಳುಬಿದ್ದಿರುವ ಈ ಎರಡನೆಯದರ ವೃತ್ತಾಂತವನ್ನೇ ಇಲ್ಲಿ ಬರೆಯುತ್ತೇವೆ.

ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳ ಕಾರ್ಯಕ್ಕೆ ನೆಲೆ ಹಾಕಿದವರು ಅಬ್ಬೆ ದುಬಾಯ್ ಎಂಬವರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಲ್ಲಿಗೆ ಬಂದು, ಈ ದೇಶದ ಉಡುಪನ್ನೇ ತೊಟ್ಟು, ಸಿಡುಬಿನ ನಿವಾರಣೆಗಾಗಿ ಜನರಿಗೆ ದೇವಿ ಹಾಕಿಸಿ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ರೈತರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರಂತೆ! ಅನ್ಯಮತದ ಗುರುವಿಗೂ ನಮ್ಮ ಹಳ್ಳಿಗರು ಸಲ್ಲಿಸಿದ ಈ ಗೌರವವು ಸ್ಮರಣೀಯವಾದುದು. ಶೆಟ್ಟಿಹಳ್ಳಿಯ ಈಗಿನ ಕಟ್ಟಡವು ಅವರ ಕಾಲದ್ದಲ್ಲ. 1860ರ ದಶಕದ್ದೆಂದು ಹೇಳುತ್ತಾರೆ. ಮೊನಚು ಕಮಾನುಗಳ ಗಾಥಿಕ್ ಶೈಲಿಯದು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂಬ ಪ್ರತೀತಿಯೂ ಉಂಟು.

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣವಾಯಿತು. ಸುಮಾರು 37 ಶತಕೋಟಿ ಘನ ಅಡಿ ನೀರನ್ನು ಹಿಡಿಯುವ ಈ ಜಲಾಶಯದ ನಾಲೆಗಳಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗದ್ದೆಗಳು ತಂಪಾದುವು. ಎಡದಂಡೆಯ ನಾಲೆಯು ತುಮಕೂರಿನವರೆಗೂ ಹರಿಯಿತು. ಆದರೆ ನೀರು ನಿಂತೆಡೆಯಲ್ಲಿದ್ದ ಊರುಗಳವರು ಮನೆಮಾರುಗಳನ್ನು ತೊರೆದು ಬೇರೆಡೆಗೆ ಹೋಗಬೇಕಾಯಿತು.

ಮುಳುಗಡೆಯ ಊರವರು ಹೊರಡುವಾಗ ದೇವರ ವಿಗ್ರಹವನ್ನು ಹೊತ್ತೊಯ್ಯಬಹುದು, ಬಾಗಿಲು ತೊಲೆಗಳನ್ನು ಕಿತ್ತು ಗಾಡಿಗೆ ಹೇರಬಹುದು. ಹಿರಿಯರ ಗೋರಿಗಳನ್ನು ಒಯ್ಯುವುದೆಂತು? ಶವವನ್ನು ದಹಿಸುವವರಿಗೆ ಈ ಸಂಕಟವು ಅಷ್ಟಾಗಿ ತಿಳಿಯಲಾರದು. ಲಿಂಗೈಕ್ಯರಾದವರನ್ನು ಭೂಮಿಯಲ್ಲಿಯೇ ಇರಿಸಿ ಸಮಾಧಿಗೆ ಎರಗುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೈಸ್ತರಿಗೂ ಸ್ಮಶಾನವೆಂಬುದು ಇಗರ್ಜಿಯಷ್ಟೇ ಪವಿತ್ರವಾದ ನೆಲ.

ಮಳೆಗಾಲದಲ್ಲಿ ಜಲಾಶಯವು ತುಂಬಿದಾಗ ಕಟ್ಟಡದ ಬಹುಭಾಗವು ನೀರಿನಲ್ಲಿ ಮುಳುಗುತ್ತದೆ. ಆಗ ‘ಮುಳುಗುವ ಚರ್ಚು’ ಎಂದು ದೂರದೂರದವರು ನೋಡಲು ಬರುತ್ತಾರೆ. ಅದನ್ನು ಬರಿಯ ಚೋದ್ಯವೆಂದು ನೋಡಿ ಹೋಗುವವರೇ ಹೆಚ್ಚು. ತಮ್ಮ ಗದ್ದೆಯ ನಾಲೆಯ ನೀರು ಈ ಗೋಡೆಗಳನ್ನು ದಾಟಿ ಬಂದುದೆಂದು ನೆನೆಯುವವರು ವಿರಳ. ಬೇಸಗೆಯಲ್ಲಿ ನೀರು ಇಳಿದ ಮೇಲೆ ಹತ್ತಿರ ಹೋದರೆ ಮಾಡಿಲ್ಲದ ಗೋಡೆಗಳ ಮೇಲೆ ಆಯಾ ವರ್ಷದ ನೀರಿನ ಮಟ್ಟವು ಗೆರೆಗೆರೆಯಾಗಿ ಉಳಿದಿರುವುದು ಕಾಣುತ್ತದೆ.