ಹಸ್ತಪ್ರತಿಯಿಂದ ಅಚ್ಚಿಗೆ: ಸಂಶೋಧನಾ ಲೇಖನದ ಸಿದ್ಧತೆ ನಡೆದುಬಂದ ದಾರಿ

ಸಂಶೋಧನಾ ಲೇಖನವನ್ನು ವಿದ್ವತ್ ಪತ್ರಿಕೆಗೆ ಕಳುಹಿಸುವ ಮುನ್ನ ಅದನ್ನು ನಿಗದಿತ ರೂಪಕ್ಕೆ ತರುವ ಕೆಲಸಕ್ಕೆ ಮೂರೂವರೆ ಶತಮಾನಗಳ ಇತಿಹಾಸವಿದೆ. ಸಾರಾಂಶ, ವಿಭಾಗಗಳು, ಆಕರಸೂಚಿ, ಚಿತ್ರಗಳ ಅಳತೆ, ಲೇಖಕರ ಘೋಷಣೆ ಇವೆಲ್ಲ ಒಂದೇ ಸಲ ಹುಟ್ಟಿಕೊಂಡವಲ್ಲ. ಲೇಖಕನನ್ನು ಕಂಡರಿಯದ ಓದುಗ ಅವನ ಮಾತನ್ನು ಪರೀಕ್ಷಿಸಿ ಒಪ್ಪಬೇಕಾದರೆ ಏನೇನು ಬೇಕು ಎಂಬ ಪ್ರಶ್ನೆಗೆ ಆಯಾ ಕಾಲ ಕಂಡುಕೊಂಡ ಉತ್ತರಗಳೇ ಈ ನಿಯಮಗಳು.

1665ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ 'ಜೂರ್ನಾಲ್ ದೆ ಸಾವಾಂ', ಅದೇ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್' ಹೊರಬಂದವು. ಎರಡನೆಯದನ್ನು ಆರಂಭಿಸಿದವನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಆಗ ಲೇಖನವೆಂದರೆ ಬಹುಮಟ್ಟಿಗೆ ಪತ್ರವೇ. ಐಸಾಕ್ ನ್ಯೂಟನ್ ಬೆಳಕು ಮತ್ತು ಬಣ್ಣಗಳ ಕುರಿತು ಕೇಂಬ್ರಿಜ್‌ನಿಂದ ಓಲ್ಡನ್‌ಬರ್ಗ್‌ಗೆ ಬರೆದ ಪತ್ರಕ್ಕೆ 1672ರ ಫೆಬ್ರುವರಿ 6ರ ತಾರೀಖಿದೆ. ಅದೇ ತಿಂಗಳ 19ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಪತ್ರಗಳನ್ನು ಆರಿಸುವುದು, ಅನುವಾದಿಸುವುದು, ಮೊಟಕುಗೊಳಿಸುವುದು ಎಲ್ಲವೂ ಸಂಪಾದಕನ ಕೆಲಸವಾಗಿತ್ತು. ಲೇಖಕನ ಪಾಲಿಗೆ ಮುಖ್ಯವಾಗಿದ್ದದ್ದು ತಾರೀಖು. ಯಾರು ಮೊದಲು ಕಂಡುಹಿಡಿದರು ಎಂಬ ತಕರಾರು ಎದ್ದಾಗ ಅದೇ ಸಾಕ್ಷಿ. ಇಂದಿಗೂ ಪತ್ರಿಕೆಗಳು ಹಸ್ತಪ್ರತಿ ಕೈಸೇರಿದ ದಿನವನ್ನು ಲೇಖನದ ಜೊತೆಗೇ ಅಚ್ಚು ಹಾಕುತ್ತವೆ.

1752ರಲ್ಲಿ ರಾಯಲ್ ಸೊಸೈಟಿ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್'ನ ಹೊಣೆಯನ್ನು ತಾನೇ ವಹಿಸಿಕೊಂಡು, ಲೇಖನಗಳನ್ನು ಆರಿಸಲು ಸಮಿತಿಯೊಂದನ್ನು ನೇಮಿಸಿತು. ಸಭೆಯಲ್ಲಿ ಓದಿದ ಲೇಖನವನ್ನು ಅಚ್ಚು ಹಾಕಬೇಕೇ ಬೇಡವೇ ಎಂಬುದು ಸಮಿತಿಯ ಮತದಿಂದ ತೀರ್ಮಾನವಾಗುತ್ತಿತ್ತು. 1830ರ ದಶಕದ ಆರಂಭದಲ್ಲಿ ವಿಲಿಯಂ ವ್ಯೂವೆಲ್ ಪ್ರತಿ ಲೇಖನಕ್ಕೂ ತಜ್ಞರಿಂದ ಲಿಖಿತ ವರದಿ ತರಿಸಬೇಕೆಂದು ಸೂಚಿಸಿದ. ಮೊದಲಿಗೆ ಕೈಗೆತ್ತಿಕೊಂಡದ್ದು ಭೂಮಿ ಮತ್ತು ಶುಕ್ರದ ಚಲನೆ ಕುರಿತು ಜಾರ್ಜ್ ಏರಿ ಬರೆದ ಲೇಖನವನ್ನು. ಅದನ್ನು ಓದಿದ ವ್ಯೂವೆಲ್ ಮತ್ತು ಜಾನ್ ಲಬಕ್ ಒಮ್ಮತಕ್ಕೆ ಬರಲಿಲ್ಲ. ಕೆಲಸದ ಮಹತ್ವವನ್ನು ಲೋಕಕ್ಕೆ ತಿಳಿಸಬೇಕೆಂಬುದು ವ್ಯೂವೆಲ್‌ನ ಆಸೆ, ತಪ್ಪುಗಳನ್ನು ಲೇಖಕನಿಗೆ ತೋರಿಸಬೇಕೆಂಬುದು ಲಬಕ್‌ನ ಒತ್ತಾಯ. ಪರಾಮರ್ಶಕರ ಪದ್ಧತಿ ಮುಂದೆ ಹಿಡಿದದ್ದು ಲಬಕ್‌ನ ದಾರಿಯನ್ನೇ. ಅದೇ ಕಾಲದಲ್ಲಿ ಸೊಸೈಟಿ ಲೇಖನಗಳ ಸಾರಾಂಶಗಳನ್ನು ಪ್ರತ್ಯೇಕವಾಗಿ ಪ್ರಕಟಿಸತೊಡಗಿತು.

ಆಕರಗಳನ್ನು ಸೂಚಿಸುವ ಕ್ರಮವೂ ನಿಧಾನವಾಗಿಯೇ ರೂಪುಗೊಂಡಿತು. ಅಡಿಟಿಪ್ಪಣಿಗಳು ಉದ್ದುದ್ದ ಬೆಳೆದ ಮೇಲೆ ಚುಟುಕು ವಿಧಾನದ ಅಗತ್ಯ ಕಂಡಿತು. ಹಾರ್ವರ್ಡ್‌ನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಗೊಂಡೆಹುಳುವಿನ ಮೊಟ್ಟೆಯ ಬೆಳವಣಿಗೆ ಕುರಿತ ಲೇಖನದಲ್ಲಿ ಲೇಖಕನ ಹೆಸರು ಮತ್ತು ಇಸವಿಯನ್ನು ಮಾತಿನ ನಡುವೆಯೇ ಆವರಣದಲ್ಲಿ ಕೊಟ್ಟ. ಈ ಪದ್ಧತಿಯ ಮೊದಲ ಬಳಕೆ ಅದೇ ಎಂದು ಗುರುತಿಸಲಾಗಿದೆ. ಇದೇ ಕಾಲಕ್ಕೆ ಕನ್ನಡ ನಾಡಿನ ಶಾಸನ ಸಂಶೋಧನೆಗೂ ಅದರದೇ ಉಲ್ಲೇಖ ಕ್ರಮ ದೊರೆಯಿತು. ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಡಲಾಗಿತ್ತು. ಏಳನೆಯ ಸಂಪುಟ, ಶಿಕಾರಿಪುರ 176 ಎಂದು ಬರೆದರೆ ಸಾಕು, ಅದು ತಾಳಗುಂದದ ಸ್ತಂಭಶಾಸನವೆಂದು ಓದುಗ ತಿಳಿದು ಮೂಲವನ್ನು ತೆರೆದು ನೋಡಬಹುದಿತ್ತು.

ಹಸ್ತಪ್ರತಿಯ ಸಿದ್ಧತೆಯಲ್ಲಿ ಸಂಪಾದಕನ ಪಾತ್ರವೇನೆಂಬುದಕ್ಕೆ ಬೆಂಗಳೂರಿನ ಒಂದು ಪ್ರಸಂಗ ಒಳ್ಳೆಯ ನಿದರ್ಶನ. ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರಾಗಿದ್ದವರು ಇಲ್ಲಿನ ಸೆಂಟ್ರಲ್ ಕಾಲೇಜಿನ ಎಂ.ಟಿ. ನಾರಾಯಣ ಅಯ್ಯಂಗಾರ್. ಶ್ರೀನಿವಾಸ ರಾಮಾನುಜನ್ ಬರ್ನೂಲಿ ಸಂಖ್ಯೆಗಳ ಗುಣಗಳನ್ನು ಕುರಿತು ಬರೆದ ಲೇಖನ ಅವರ ಕೈಸೇರಿತು. ರಾಮಾನುಜನ್ನರ ವಿಧಾನ ತೀರ ಅಡಕ, ತೀರ ಹೊಸತು. ನಿರೂಪಣೆಯಲ್ಲಿ ಸ್ಪಷ್ಟತೆ ಸಾಲದೆ ಸಾಮಾನ್ಯ ಗಣಿತಜ್ಞರಿಗೆ ಅದು ಅರ್ಥವಾಗುವಂತಿರಲಿಲ್ಲ. ಸಂಪಾದಕ ಮತ್ತು ಲೇಖಕರ ನಡುವೆ ಹಸ್ತಪ್ರತಿ ಮೂರು ಬಾರಿ ಹೋಗಿಬಂದ ಬಳಿಕ 1911ರ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ರಾಮಾನುಜನ್ನರ ಮೊದಲ ಪ್ರಕಟಿತ ಲೇಖನ ಅದೇ. ಎಂಥ ಪ್ರತಿಭೆಯ ಫಲವಾದರೂ ಇನ್ನೊಬ್ಬರು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವಂತಾದಾಗಲೇ ಅದು ಎಲ್ಲರ ಸೊತ್ತಾಗುತ್ತದೆ ಎಂಬುದನ್ನು ಅಯ್ಯಂಗಾರರ ತಾಳ್ಮೆ ತೋರಿಸಿಕೊಟ್ಟಿತು.

ಸಿ.ವಿ. ರಾಮನ್ ಅವರಿಗೆ ಬೇಕಾಗಿದ್ದದ್ದು ವೇಗ. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಹೊಸ ವಿಕಿರಣದ ಕುರಿತು ಮಾಡಿದ ಉಪನ್ಯಾಸವನ್ನು ಅವರು ಕೂಡಲೇ ಲೇಖನರೂಪಕ್ಕೆ ತಂದರು. ಅದೇ ತಿಂಗಳ 31ಕ್ಕೆ ಕಲ್ಕತ್ತೆಯ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅದು ಪ್ರಕಟವಾಗಿ, ಬಿಡಿಪ್ರತಿಗಳು ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. ಭಾರತೀಯರ ಸಂಶೋಧನೆಗೆ ಭಾರತದಲ್ಲೇ ಪತ್ರಿಕೆಗಳಿರಬೇಕೆಂಬ ಹಂಬಲದ ಫಲವಾಗಿ 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್', 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರೊಸೀಡಿಂಗ್ಸ್' ಆರಂಭವಾದವು.

ಇಪ್ಪತ್ತನೆಯ ಶತಮಾನದ ಬಹುಭಾಗ ಹಸ್ತಪ್ರತಿಯೆಂದರೆ ಬೆರಳಚ್ಚು ಪ್ರತಿ. ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಎರಡರಷ್ಟು ಅಂತರ ಬಿಟ್ಟು, ಎಡಗಡೆ ಅಗಲವಾದ ಅಂಚಿರಿಸಿ ಬೆರಳಚ್ಚಿಸಬೇಕಿತ್ತು. ಸಂಪಾದಕನ ತಿದ್ದುಪಡಿಗೂ ಅಚ್ಚುಮೊಳೆ ಜೋಡಿಸುವವನಿಗೆ ಕೊಡುವ ಸೂಚನೆಗೂ ಜಾಗ ಬೇಕಾಗಿತ್ತು. ಓರೆ ಅಕ್ಷರ ಬೇಕಾದ ಕಡೆ ಪದದ ಕೆಳಗೆ ಗೆರೆ, ದಪ್ಪ ಅಕ್ಷರಕ್ಕೆ ಅಲೆಗೆರೆ. ಗ್ರೀಕ್ ಅಕ್ಷರಗಳನ್ನೂ ಸಮೀಕರಣಗಳನ್ನೂ ಕೈಯಲ್ಲಿ ಬರೆದು, ಯಾವುದು ಯಾವ ಅಕ್ಷರವೆಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ನಕ್ಷೆಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರಸಂಖ್ಯೆ ನಮೂದಿಸುತ್ತಿದ್ದರು. ಪಠ್ಯದ ಮೊಳೆ ಜೋಡಣೆ, ಚಿತ್ರದ ಅಚ್ಚುಪಡಿ ಬೇರೆ ಬೇರೆ ಕೈಗಳಲ್ಲಿ ಆಗುತ್ತಿದ್ದುದರಿಂದ ಚಿತ್ರಗಳೂ ಅವುಗಳ ವಿವರಣೆಯೂ ಪ್ರತ್ಯೇಕ ಹಾಳೆಗಳಲ್ಲಿ ಹೋಗುತ್ತಿದ್ದವು. ಕಾರ್ಬನ್ ಕಾಗದವಿಟ್ಟು ತೆಗೆದ ಪ್ರತಿಗಳಲ್ಲಿ ಒಂದು ಲೇಖಕನ ಬಳಿ ಉಳಿಯುತ್ತಿತ್ತು. ಮೊಳೆ ಜೋಡಿಸಿದ ಮೇಲೆ ಬಂದ ಕರಡಚ್ಚನ್ನು ಅದರೊಂದಿಗೆ ಹೋಲಿಸಿ ತಿದ್ದಬೇಕಿತ್ತು.

ಪರಾಮರ್ಶೆ ಆಗಲೂ ಎಲ್ಲೆಡೆ ಕಡ್ಡಾಯವಾಗಿರಲಿಲ್ಲ. 1936ರಲ್ಲಿ ಗುರುತ್ವ ಅಲೆಗಳ ಬಗ್ಗೆ ನೇಥನ್ ರೋಸನ್ ಜೊತೆಗೂಡಿ ಬರೆದ ಲೇಖನವನ್ನು 'ಫಿಸಿಕಲ್ ರಿವ್ಯೂ' ತಜ್ಞರೊಬ್ಬರಿಗೆ ತೋರಿಸಿದ್ದಕ್ಕೆ ಐನ್‌ಸ್ಟೈನ್ ಸಿಟ್ಟಾಗಿ ಅದನ್ನು ಹಿಂಪಡೆದರು. ತಜ್ಞ ಎತ್ತಿದ ಆಕ್ಷೇಪ ಸರಿಯಾಗಿತ್ತು. ತೀರ್ಮಾನ ಬದಲಾಗಿ 1937ರಲ್ಲಿ ಲೇಖನ ಬೇರೊಂದು ಪತ್ರಿಕೆಯಲ್ಲಿ ಬಂತು. 'ನೇಚರ್' ಹೊರಗಿನ ಪರಾಮರ್ಶೆಯನ್ನು ಎಲ್ಲ ಲೇಖನಗಳಿಗೂ ಅನ್ವಯಿಸಿದ್ದು 1973ರಲ್ಲಿ. 1953ರ ಡಿಎನ್‌ಎ ರಚನೆಯ ಲೇಖನ ಅದಿಲ್ಲದೆಯೇ ಅಚ್ಚಾಗಿತ್ತು.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಭಾಗಗಳ ಚೌಕಟ್ಟು ವೈದ್ಯಕೀಯ ಪತ್ರಿಕೆಗಳಲ್ಲಿ 1940ರ ದಶಕದಿಂದ ಹರಡಿ, 1980ರ ದಶಕದ ಹೊತ್ತಿಗೆ ಸಾರ್ವತ್ರಿಕವಾಯಿತು. ಪ್ರಯೋಗವನ್ನು ಮತ್ತೆ ಮಾಡಿನೋಡುವವನಿಗೆ ವಿಧಾನ, ಸಮಯವಿಲ್ಲದ ವೈದ್ಯನಿಗೆ ಫಲಿತಾಂಶ ನೇರವಾಗಿ ಸಿಗುವಂತಾಯಿತು. ಆದರೆ ಒಂದು ಪತ್ರಿಕೆ ತಿರಸ್ಕರಿಸಿದ ಲೇಖನವನ್ನು ಇನ್ನೊಂದಕ್ಕೆ ಕಳುಹಿಸಲು ಆಕರಸೂಚಿಯನ್ನೆಲ್ಲ ಹೊಸದಾಗಿ ಬೆರಳಚ್ಚಿಸುವ ಕಷ್ಟ ಉಳಿದೇ ಇತ್ತು. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಏಕರೂಪದ ನಿಯಮಗಳಿಗೆ ಒಪ್ಪಿದರು. ಉಲ್ಲೇಖಗಳಿಗೆ ಅನುಕ್ರಮ ಸಂಖ್ಯೆ ಕೊಡುವ ವ್ಯಾಂಕೂವರ್ ಶೈಲಿ ಹೀಗೆ ಪ್ರಚಾರಕ್ಕೆ ಬಂತು.

ಅದೇ ವರ್ಷ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ತನ್ನ ಪುಸ್ತಕದ ಕರಡಚ್ಚಿನ ಕಳಪೆ ಗುಣಮಟ್ಟಕ್ಕೆ ಬೇಸತ್ತು ರೂಪಿಸಿದ 'ಟೆಕ್' ಎಂಬ ಅಕ್ಷರಜೋಡಣೆ ತಂತ್ರಾಂಶ ಬಳಕೆಗೆ ಬಂತು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ 'ಲೇಟೆಕ್'ನಿಂದ ಸಮೀಕರಣಗಳ ಜೋಡಣೆ ಲೇಖಕನ ಕೈಗೇ ಬಂದಿತು. 1991ರ ಆಗಸ್ಟ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ 'ಆರ್ಕೈವ್' ಭಂಡಾರ, ಪತ್ರಿಕೆಗೆ ಮುನ್ನವೇ ಲೇಖನವನ್ನು ಸಹೋದ್ಯೋಗಿಗಳ ಮುಂದಿಡುವ ಅವಕಾಶ ತೆರೆಯಿತು.

ಬೆರಳಚ್ಚಿನ ಶ್ರಮ ಇಳಿದಂತೆ ಘೋಷಣೆಗಳ ಹೊರೆ ಏರಿತು. ಪ್ರಮುಖ ವೈದ್ಯಕೀಯ ಪತ್ರಿಕೆಗಳು 2005ರಿಂದ ಔಷಧ ಪ್ರಯೋಗಗಳ ಮುಂಗಡ ನೋಂದಣಿಯನ್ನು ಷರತ್ತಾಗಿಸಿದವು. 2000ದಲ್ಲಿ ಆರಂಭವಾದ ಕ್ರಾಸ್‌ರೆಫ್ ಸಂಸ್ಥೆಯಿಂದ ಲೇಖನಕ್ಕೆ ಡಿಒಐ ಎಂಬ ಶಾಶ್ವತ ಸಂಖ್ಯೆ, 2012ರಿಂದ ಲೇಖಕನಿಗೆ 16 ಅಂಕಿಗಳ ಆರ್ಕಿಡ್ ಗುರುತು ದೊರೆತವು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ನಿಯಮಾವಳಿಯಲ್ಲಿ ಕೃತಿಚೌರ್ಯವನ್ನು ಅಳೆಯಲು ಹೋಲಿಕೆಯ ಶೇ. 10, 40, 60ರ ಮಿತಿಗಳನ್ನು ಹಾಕಿತು. ಹಣದ ನೆರವು ಯಾರದು, ಹಿತಾಸಕ್ತಿ ಏನು, ಯಾವ ಲೇಖಕ ಯಾವ ಕೆಲಸ ಮಾಡಿದ, ದತ್ತಾಂಶ ಎಲ್ಲಿದೆ ಎಂಬ ಪ್ರಶ್ನೆಗಳಿಗೂ ಇಂದು ಹಸ್ತಪ್ರತಿಯಲ್ಲೇ ಉತ್ತರವಿರಬೇಕು. ಓಲ್ಡನ್‌ಬರ್ಗ್‌ನ ಕಾಲದಲ್ಲಿ ಪರಿಚಿತರ ಬಳಗ ಕೊಡುತ್ತಿದ್ದ ಭರವಸೆಯನ್ನು ಈಗ ಹಸ್ತಪ್ರತಿ ತಾನೇ ಕೊಡಬೇಕಾಗಿದೆ. ಅದಕ್ಕಾಗಿಯೇ ಅದರ ಸಿದ್ಧತೆ ಸಂಶೋಧನೆಯ ಕೊನೆಯ ಹಂತವಾಗಿ, ಅದರದೇ ಒಂದು ಭಾಗವಾಗಿ ಬೆಳೆದಿದೆ.